25 ರೂಪಾಯಿ ಪಾಲಿನ ಹಡಗು

ನಮ್ಮ ಮಡಕಶಿರಾ ಸೀಮೆಗೂ ಸಮುದ್ರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಕೆರೆ ಕೋಡಿ ಬಿದ್ದರೆ ಅದೇ ನಮಗೆ ಸಮುದ್ರ. ಇಂಥ ಊರಿನ ಕಡ್ಲೆಕಾಯಿ ಬೆಳೆಯೋ ರೈತ ನಾನು, ಹಡಗಿನ ಕಂಪನಿ ಕಟ್ಟಿದ ಒಬ್ಬ ತಮಿಳು ವಕೀಲರ ಜೀವನ ಬರೆಯೋಕೆ ಕೂತಿದ್ದೀನಿ. ಕಾರಣ ಮೊದಲೇ ಹೇಳಿಬಿಡ್ತೀನಿ.

ನಮ್ಮ ಹಳ್ಳಿಯ ಮೂವತ್ತು ಚಿಲ್ಲರೆ ರೈತರು ಸೇರಿ ಒಂದು ಕಂಪನಿ ಮಾಡಬೇಕು, ನಾವು ಬೆಳೆದ ಕಾಯಿಯಿಂದ ನಾವೇ ಗಾಣದ ಎಣ್ಣೆ ತೆಗೆದು ಮಾರಬೇಕು ಅಂತ ಓಡಾಡ್ತಿದ್ದಾರೆ. ಡೈರೆಕ್ಟರು ಆಗಬೇಕು ಅಂತ ನನ್ನ ಮನೆ ಬಾಗಿಲಿಗೆ ಮೂರು ಸಲ ಬಂದು ಹೋದರು. ಕಾಗದ ನನ್ನ ಟ್ರಂಕಿನ ಮೇಲೇ ಇದೆ. ಸಹಿ ಹಾಕೋಕೆ ಕೈ ಬರ್ತಿಲ್ಲ.

ಯಾಕೆ ಅಂದರೆ, 2004ರಲ್ಲಿ ನಾವು ಐದು ಜನ ಸೇರಿ ಕಡ್ಲೆಕಾಯಿ ಒಡೆಯೋ ಮಿಷನ್ನು ಹಾಕಿದ್ವಿ. ತೆಲುಗಿನಲ್ಲಿ ಪೊತ್ತು ಅಂತಾರೆ, ನಮ್ಮಲ್ಲಿ ಪಾಲು ಅಂತೀವಿ. ಒಂದು ಚೂರು ಕಾಗದ ಬರೆದುಕೊಳ್ಳಲಿಲ್ಲ. ಬಾಯಿ ಮಾತೇ ಪತ್ರ. ಬ್ಯಾಂಕಿನ ಸಾಲಕ್ಕೆ ನನ್ನ ಪಟ್ಟಾದಾರ್ ಪಾಸ್‌ಬುಕ್ ಇಟ್ಟಿದ್ದು. ಎರಡು ವರ್ಷ ಮಳೆ ಕೈಕೊಟ್ಟಿತು. ಮಿಷನ್ನಿಗೆ ಕಾಯಿ ಬರಲಿಲ್ಲ, ಸಾಲಕ್ಕೆ ಬಡ್ಡಿ ಮಾತ್ರ ತಪ್ಪದೆ ಬಂತು. ಪಾಲುಗಾರರಲ್ಲಿ ಒಬ್ಬ ಬೆಂಗಳೂರು ಸೇರಿದ, ಒಬ್ಬ ತನಗೇನೂ ಗೊತ್ತಿಲ್ಲ ಅಂದ. ನೋಟೀಸು ಬಂದಿದ್ದು ನನ್ನ ಹೆಸರಿಗೆ. ಎರಡು ಎಕರೆ ಮಾರಿ ತೀರಿಸಿದೆ. ನಷ್ಟದ ಲೆಕ್ಕ ಕೇಳೋಕೆ ಹೋದಾಗ ನನ್ನ ಸೋದರಮಾವನ ಮಗ, ನನಗೆ ಭಾವ ಆಗಬೇಕು, ಅವನೂ ನಾನೂ ಮಾತಿಗೆ ಮಾತು ಬೆಳೆಸಿದ್ವಿ. ಆವತ್ತು ನಿಂತ ಮಾತು ಇವತ್ತಿಗೂ ನಿಂತೇ ಇದೆ. ಜಮೀನು ಹೋಗಿದ್ದಕ್ಕಿಂತ ಅದು ಹೆಚ್ಚು ಸುಡುತ್ತೆ.

ಈ ಯೋಚನೆಯಲ್ಲಿ ಇದ್ದಾಗ ಟೀವಿಯಲ್ಲಿ ಒಂದು ಹಳೇ ತಮಿಳು ಸಿನಿಮಾ ಬಂತು, ಕಪ್ಪಲೋಟ್ಟಿಯ ತಮಿಳನ್. ನಮ್ಮ ಬಿ. ಆರ್. ಪಂತುಲು ಅವರು 1961ರಲ್ಲಿ ತೆಗೆದದ್ದು. ಅದೇ ವರ್ಷ ಅವರು ಕನ್ನಡಕ್ಕೆ ಕಿತ್ತೂರು ಚೆನ್ನಮ್ಮ ಕೊಟ್ಟರು. ಹಡಗು ಓಡಿಸಿದ ತಮಿಳ ಅನ್ನೋದು ಆ ಹೆಸರಿನ ಅರ್ಥ. ಕತೆಯ ನಾಯಕ ವ. ಉ. ಚಿದಂಬರಂ ಪಿಳ್ಳೆ, ಪಾತ್ರ ಮಾಡಿದ್ದು ಶಿವಾಜಿ ಗಣೇಶನ್. ಸಿನಿಮಾ ನೋಡಿದ ಮೇಲೆ ಆ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಎಲ್ಲರೂ ಅವರನ್ನು ದೇಶಭಕ್ತ ಅಂತ ನೆನೀತಾರೆ, ಅದು ಸರಿಯೇ. ನನಗೆ ಮಾತ್ರ ಅವರು ಪಾಲು ಕೂಡಿಸಿ ಕಂಪನಿ ಕಟ್ಟಿದವರಾಗಿಯೂ ಕಂಡರು.

ಚಿದಂಬರಂ ಪಿಳ್ಳೆ ಹುಟ್ಟಿದ್ದು 1872ರ ಸೆಪ್ಟೆಂಬರ್ 5ರಂದು, ತಿರುನೆಲ್ವೇಲಿ ಸೀಮೆಯ ಒಟ್ಟಪಿಡಾರಂ ಎಂಬ ಊರಲ್ಲಿ. ತಂದೆ ಉಲಗನಾಥ ಪಿಳ್ಳೆ ವಕೀಲರು. ಮಗನೂ ಅದೇ ದಾರಿ ಹಿಡಿದು 1894ರಲ್ಲಿ ಪ್ಲೀಡರ್ ಪರೀಕ್ಷೆ ಮುಗಿಸಿದರು. ಮೊದಲು ಸ್ವಂತ ಊರಲ್ಲಿ ವಕೀಲಿಕೆ ಮಾಡಿ, 1900ರಲ್ಲಿ ತೂತ್ತುಕುಡಿಗೆ ಬಂದರು. ಬಡವರ ಪರ ನಿಲ್ಲುವ ವಕೀಲರು ಎಂದು ಹೆಸರಾಯಿತು. ತಮಿಳು ಸಾಹಿತ್ಯದ ಹುಚ್ಚೂ ಜೊತೆಗಿತ್ತು.

ತೂತ್ತುಕುಡಿ ಬಂದರಿನಿಂದ ಸಿಲೋನಿನ ಕೊಲಂಬೋಗೆ ಆಗ ಬಿಡುವಿಲ್ಲದ ಓಡಾಟ. ಟೀ ತೋಟಕ್ಕೆ ಕೂಲಿ ಹೋಗುವವರು, ಅಕ್ಕಿ, ಬಟ್ಟೆ, ಮೆಣಸಿನಕಾಯಿ ಸಾಗಿಸುವ ವ್ಯಾಪಾರಿಗಳು. ಆದರೆ ಆ ದಾರಿಯಲ್ಲಿ ಸ್ಟೀಮರು ಓಡಿಸುವ ಹಕ್ಕು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಬಿಳಿಯರ ಕಂಪನಿಯ ಮುಷ್ಟಿಯಲ್ಲಿ. ಅವರು ಹೇಳಿದ್ದೇ ಬಾಡಿಗೆ. ಮಂಡಿಯಲ್ಲಿ ಒಬ್ಬನೇ ಖರೀದಿದಾರ ಇದ್ದರೆ ರೈತನ ಪಾಡು ಏನಾಗುತ್ತೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

1905ರಲ್ಲಿ ಬಂಗಾಳ ಒಡೆದಾಗ ಸ್ವದೇಶಿ ಚಳವಳಿ ಹಬ್ಬಿತು. ಎಲ್ಲರೂ ಬಟ್ಟೆ, ಬೆಂಕಿಪೊಟ್ಟಣದ ಮಾತಾಡುತ್ತಿದ್ದರೆ ಪಿಳ್ಳೆಯವರ ಕಣ್ಣು ಹಡಗಿನ ಮೇಲೆ ಬಿತ್ತು. ಸರಕು ನಮ್ಮದು, ಪ್ರಯಾಣಿಕರು ನಮ್ಮವರು, ಹಡಗು ಮಾತ್ರ ಅವರದು ಯಾಕೆ ಅನ್ನುವುದು ಅವರ ಲೆಕ್ಕ.

ಹಡಗು ಒಬ್ಬರ ಕೈಲಿ ಆಗುವ ಮಾತಲ್ಲ. ಹಣ ಕೂಡಿಸಬೇಕು. ಅವರು ವಕೀಲರಾಗಿದ್ದೇ ಇಲ್ಲಿ ಉಪಯೋಗಕ್ಕೆ ಬಂತು. ನಾಲ್ಕು ಜನ ಸಾಹುಕಾರರು ಬಾಯಿಮಾತಿನ ಪಾಲು ಹಾಕಿ ವ್ಯಾಪಾರ ಮಾಡುವುದು ಆಗಿನ ರೂಢಿ. ಅಂಥ ಪಾಲಿನಲ್ಲಿ ನಷ್ಟ ಬಂದರೆ ಸಾಲ ಕೊಟ್ಟವನು ಯಾವ ಪಾಲುಗಾರನ ಮನೆಗೆ ಬೇಕಾದರೂ ಹೋಗಿ ಪೂರ್ತಿ ಬಾಕಿ ಕೇಳಬಹುದು. ಯಾರ ಹತ್ತಿರ ಆಸ್ತಿ ಇದೆಯೋ ಅವನ ಕೊರಳಿಗೆ ಹಗ್ಗ. ಅದೂ ಅಲ್ಲದೆ 1882ರ ಇಂಡಿಯನ್ ಕಂಪನಿ ಕಾಯ್ದೆ ಪ್ರಕಾರ ಇಪ್ಪತ್ತು ಜನಕ್ಕಿಂತ ಹೆಚ್ಚು ಮಂದಿ ಸೇರಿ ಲಾಭಕ್ಕೆ ವ್ಯಾಪಾರ ಮಾಡಬೇಕಾದರೆ ರಿಜಿಸ್ಟರ್ ಮಾಡಿಸಲೇಬೇಕು. ರಿಜಿಸ್ಟರ್ ಮಾಡಿಸೋಕೆ ಏಳು ಜನರ ಸಹಿ ಸಾಕು. ಆಮೇಲೆ ಎಷ್ಟು ಸಾವಿರ ಜನ ಬೇಕಾದರೂ ಪಾಲು ಕೊಳ್ಳಬಹುದು. ಲಿಮಿಟೆಡ್ ಅಂತ ಹೆಸರಿನ ಕೊನೆಗೆ ಬಂದರೆ, ಪಾಲು ಕೊಂಡವನಿಗೆ ಹೋದರೆ ಹಾಕಿದ ದುಡ್ಡು ಮಾತ್ರ ಹೋಗುತ್ತೆ, ಅವನ ಮನೆ ಹೊಲಕ್ಕೆ ಯಾರೂ ಕೈ ಹಾಕುವಂತಿಲ್ಲ. ನಷ್ಟಕ್ಕೆ ಹಾಕಿದ ಬೇಲಿ ಅದು.

ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ 1906ರ ಅಕ್ಟೋಬರ್ 16ರಂದು ಈ ಕಾಯ್ದೆಯ ಕೆಳಗೆ ರಿಜಿಸ್ಟರ್ ಆಯಿತು. ಬಂಡವಾಳ 10 ಲಕ್ಷ ರೂಪಾಯಿ. ಅದನ್ನು 40,000 ಪಾಲು ಮಾಡಿದರು, ಒಂದು ಪಾಲಿಗೆ 25 ರೂಪಾಯಿ. ಸಾವಿರ ರೂಪಾಯಿ ಪಾಲು ಇಟ್ಟಿದ್ದರೆ ಹತ್ತು ಜಮೀನ್ದಾರರು ಕೊಂಡು ಸುಮ್ಮನೆ ಕೂರುತ್ತಿದ್ದರು. 25 ರೂಪಾಯಿ ಇಟ್ಟಿದ್ದರಿಂದ ಅಂಗಡಿಯವನು, ಸಣ್ಣ ವಕೀಲ, ಮೇಷ್ಟ್ರು, ಎಲ್ಲರೂ ಹಡಗಿನ ಒಡೆಯರಾಗೋಕೆ ದಾರಿ ಆಯಿತು. ಪಾಲು ಕೊಂಡವನು ಸರಕನ್ನೂ ಆ ಹಡಗಿಗೇ ಹಾಕುತ್ತಾನೆ, ಅದು ಎರಡನೇ ಲಾಭ.

ಇನ್ನೊಂದು ನಿಯಮ ಇಟ್ಟರು. ಪಾಲು ಕೊಳ್ಳುವವರು ಭಾರತದವರು, ಸಿಲೋನಿನವರು, ಇಲ್ಲ ಏಷ್ಯಾದ ಬೇರೆ ದೇಶದವರೇ ಆಗಿರಬೇಕು. ಎದುರಾಳಿ ಕಂಪನಿ ಹಿಂಬಾಗಿಲಿನಿಂದ ಪಾಲು ಕೊಂಡು ಒಳಗೆ ನುಗ್ಗಬಾರದು ಎಂಬ ಮುಂದಾಲೋಚನೆ ಇದರಲ್ಲಿ ನನಗೆ ಕಾಣುತ್ತೆ. ಕಂಪನಿಯ ಉದ್ದೇಶದಲ್ಲಿ ಬರೀ ಬಾಡಿಗೆ ಸಂಪಾದನೆ ಇರಲಿಲ್ಲ. ನಮ್ಮ ಜನಕ್ಕೆ ಹಡಗು ನಡೆಸುವ ವಿದ್ಯೆ ಕಲಿಸುವುದು, ಹಡಗು ಕಟ್ಟುವುದು ಇವೂ ಸೇರಿದ್ದವು.

ಮದುರೆ ತಮಿಳು ಸಂಘದ ಪಾಂಡಿತ್ತುರೈ ತೇವರ್ ಕಂಪನಿಯ ಮುಂದಾಳಾದರು. ಹಾಜಿ ಮಹಮ್ಮದ್ ಸೇಠ್ ಎಂಬ ವ್ಯಾಪಾರಿ ತಾವೊಬ್ಬರೇ 8,000 ಪಾಲು, ಅಂದರೆ 2 ಲಕ್ಷ ರೂಪಾಯಿ ಹಾಕಿದರು. ಲೆಕ್ಕ ಹಾಕಿ ನೋಡಿ, ಇಡೀ ಬಂಡವಾಳದಲ್ಲಿ ಐದರಲ್ಲಿ ಒಂದು ಭಾಗ. ಕನಸು ಕಂಡ ಪಿಳ್ಳೆಯವರಿಗೆ ಸಿಕ್ಕ ಹುದ್ದೆ ಸಹಾಯಕ ಕಾರ್ಯದರ್ಶಿಯದು. ಊರೂರು ತಿರುಗಿ ಪಾಲು ಮಾರಿದವರು, ಹಡಗು ತಂದವರು ಅವರೇ. ಕಂಪನಿಯ ಕಾಗದದಲ್ಲಿ ಅವರು ಮೇಲಿನವರಲ್ಲ. ಈ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತೆ.

ಮೊದಲು ಸ್ವಂತ ಹಡಗಿರಲಿಲ್ಲ. ಬೊಂಬಾಯಿಯ ಒಂದು ಕಂಪನಿಯಿಂದ ಬಾಡಿಗೆಗೆ ತಂದು ಓಡಿಸಿದರು. ಬಿಳಿಯರ ಕಂಪನಿ ಬಾಡಿಗೆ ಕೊಟ್ಟವರ ಮೇಲೆ ಒತ್ತಡ ತಂದು ಹಡಗು ವಾಪಸ್ ಹೋಗುವ ಹಾಗೆ ಮಾಡಿತು. ಪಿಳ್ಳೆಯವರು ಸಿಲೋನಿನಿಂದ ಇನ್ನೊಂದು ಹಡಗು ಬಾಡಿಗೆಗೆ ತಂದು ದಾರಿ ನಿಲ್ಲದಂತೆ ನೋಡಿಕೊಂಡರು. ಬಾಡಿಗೆ ಎತ್ತಿನಲ್ಲಿ ಬೇಸಾಯ ನಂಬೋಕಾಗಲ್ಲ ಅಂತ ಗೊತ್ತಾಗಿ ಸ್ವಂತ ಹಡಗು ಕೊಳ್ಳಲೇಬೇಕು ಎಂದು ಉತ್ತರಕ್ಕೆ ಹೊರಟರು. ಹಡಗಿನ ಜೊತೆಯಲ್ಲೇ ಬರುತ್ತೇನೆ, ಇಲ್ಲದಿದ್ದರೆ ಸಮುದ್ರಕ್ಕೆ ಹಾರುತ್ತೇನೆ ಎಂದು ಪಣ ತೊಟ್ಟು ಹೋದರು ಅಂತ ಇವತ್ತಿಗೂ ಜನ ಹೇಳ್ತಾರೆ. 1907ರಲ್ಲಿ ಗೇಲಿಯಾ ಎಂಬ ಸ್ಟೀಮರು ಫ್ರಾನ್ಸಿನಿಂದ ತೂತ್ತುಕುಡಿಗೆ ಬಂದು ನಿಂತಿತು. ಲಾವೋ ಎಂಬ ಇನ್ನೊಂದೂ ಬಂತು. ಜನ ಜಾತ್ರೆಗೆ ಸೇರಿದ ಹಾಗೆ ದಡದಲ್ಲಿ ಸೇರಿದರು.

ಆಮೇಲೆ ಶುರುವಾಯಿತು ಬೆಲೆಯ ಜಗಳ. ಬಿಳಿಯರ ಕಂಪನಿ ಕೊಲಂಬೋ ಟಿಕೇಟನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಆಗ ಅವರು ಟಿಕೇಟೇ ಬೇಡ, ಪುಕ್ಕಟೆ ಬನ್ನಿ, ಮೇಲೊಂದು ಕೊಡೆಯನ್ನೂ ಕೊಡುತ್ತೇವೆ ಅಂದರು. ಇದು ನಮಗೆ ಹೊಸದಲ್ಲ. ಊರಲ್ಲಿ ಸಣ್ಣ ಖರೀದಿ ಅಂಗಡಿ ಎದ್ದರೆ ದೊಡ್ಡ ಸಾಹುಕಾರ ಒಂದು ಸೀಜನ್ನು ಮೂಟೆಗೆ ಹೆಚ್ಚು ಬೆಲೆ ಕೊಡ್ತಾನೆ. ಸಣ್ಣ ಅಂಗಡಿ ಬಾಗಿಲು ಹಾಕಿದ ಮಾರನೇ ವರ್ಷ ಬೆಲೆ ಇಳಿಸಿ ಎಲ್ಲಾ ವಸೂಲಿ ಮಾಡ್ತಾನೆ. ಉಳಿಯೋದು ಯಾರ ಗಂಟು ದೊಡ್ಡದೋ ಅವರು. 25 ರೂಪಾಯಿ ಪಾಲಿನಿಂದ ಕೂಡಿದ ಗಂಟು ಎಷ್ಟು ದಿನ ತಡೆದೀತು? ಸರ್ಕಾರ ಬೇರೆ ಅವರ ಕಡೆಗೇ ವಾಲಿತ್ತು.

ಈ ಹೊತ್ತಿಗೆ ಪಿಳ್ಳೆಯವರು ಬರೀ ಕಂಪನಿಯವರಾಗಿ ಉಳಿದಿರಲಿಲ್ಲ. ತಿಲಕರ ದಾರಿಯ ರಾಜಕೀಯಕ್ಕೆ ಇಳಿದಿದ್ದರು, ಸುಬ್ರಮಣ್ಯ ಶಿವ ಅವರ ಜೊತೆ ಸೇರಿ ಭಾಷಣ ಮಾಡುತ್ತಿದ್ದರು. 1908ರ ಫೆಬ್ರವರಿ 27ರಂದು ತೂತ್ತುಕುಡಿಯ ಕೋರಲ್ ಮಿಲ್ಲಿನ ಕೂಲಿಯವರು ಮುಷ್ಕರ ಹೂಡಿದಾಗ ಅವರ ಬೆನ್ನಿಗೆ ನಿಂತರು. ಕೂಲಿಯವರು ಗೆದ್ದರು, ಕೂಲಿ ಹೆಚ್ಚಿತು. ಕಂಪನಿಯ ಆಡಳಿತ ಮಂಡಳಿಯಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸರ್ಕಾರದ ಕಣ್ಣು ಕೆಂಪಾದರೆ ಹಡಗಿಗೆ ಅಡ್ಡಿ, ಹಾಕಿದ ದುಡ್ಡು ಮುಳುಗುತ್ತೆ ಅನ್ನೋದು ಅವರ ಭಯ. ಅವರ ಭಯವೂ ಸುಳ್ಳಲ್ಲ. ಪಿಳ್ಳೆಯವರಿಗೆ ಹಡಗೂ ದೇಶವೂ ಬೇರೆಬೇರೆ ಅಲ್ಲ. ದುಡ್ಡು ಹಾಕಿದವರಿಗೆ ಬೇರೆಬೇರೆಯೇ.

ಬಿಪಿನ್ ಚಂದ್ರ ಪಾಲ್ ಜೈಲಿನಿಂದ ಬಿಡುಗಡೆಯಾದ ದಿನವನ್ನು ಹಬ್ಬ ಮಾಡಬೇಕೆಂದು 1908ರ ಮಾರ್ಚಿನಲ್ಲಿ ಸಭೆ ನಡೆಸಿದರು. ಕಲೆಕ್ಟರು ಬೇಡ ಅಂದರೂ ಕೇಳಲಿಲ್ಲ. ಮಾರ್ಚ್ 12ರಂದು ಪಿಳ್ಳೆ, ಶಿವ ಇಬ್ಬರನ್ನೂ ಹಿಡಿದರು. ಮಾರನೇ ದಿನ ತಿರುನೆಲ್ವೇಲಿಯಲ್ಲಿ ದಂಗೆಯಾಗಿ ಗುಂಡು ಹಾರಿತು, ನಾಲ್ಕು ಜನ ಸತ್ತರು. ಜುಲೈ 7ರಂದು ಪಿನ್ಹೆ ಎಂಬ ಜಡ್ಜು ರಾಜದ್ರೋಹಕ್ಕೆ 20 ವರ್ಷ, ಶಿವ ಅವರಿಗೆ ಆಶ್ರಯ ಕೊಟ್ಟದ್ದಕ್ಕೆ 20 ವರ್ಷ, ಒಟ್ಟು 40 ವರ್ಷ ಗಡೀಪಾರು ಶಿಕ್ಷೆ ಹಾಕಿದರು. ಅಪೀಲಿನಲ್ಲಿ ಅದು ಕೊನೆಗೆ ಆರು ವರ್ಷದ ಕಠಿಣ ಶಿಕ್ಷೆಗೆ ಇಳಿಯಿತು.

ಕೊಯಮತ್ತೂರು ಜೈಲಿನಲ್ಲಿ ಅವರನ್ನು ಎತ್ತಿನ ಜಾಗದಲ್ಲಿ ನಿಲ್ಲಿಸಿ ಗಾಣ ಎಳೆಸಿದರು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ನಮ್ಮ ತಾತನ ಕಾಲದಲ್ಲಿ ಊರಲ್ಲಿ ಎತ್ತಿನ ಗಾಣ ಇತ್ತು ಅಂತ ಕೇಳಿದ್ದೀನಿ. ಎತ್ತಿಗೆ ತಲೆ ಸುತ್ತಬಾರದು ಅಂತ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ, ಮಧ್ಯಾಹ್ನ ನೆರಳಿಗೆ ಬಿಡುತ್ತಿದ್ದರಂತೆ. ಸುಡು ಬಿಸಿಲಲ್ಲಿ ವಕೀಲರೊಬ್ಬರನ್ನು ಆ ಜಾಗಕ್ಕೆ ಕಟ್ಟಿದರು. ಆ ಗಾಣವನ್ನು ಚೆನ್ನೈ ಗಿಂಡಿಯ ಗಾಂಧಿ ಮಂಟಪದಲ್ಲಿ ಇಟ್ಟಿದ್ದಾರೆ. 1910ರಲ್ಲಿ ಅವರನ್ನು ಕಣ್ಣೂರು ಜೈಲಿಗೆ ಸಾಗಿಸಿದರು. ನಮ್ಮ ಕಾಸರಗೋಡಿನ ಓದುಗರಿಗೆ ಅದು ನೆರೆಯ ಊರೇ. ಜೈಲಿನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಜೇಮ್ಸ್ ಅಲೆನ್ ಎಂಬ ಇಂಗ್ಲಿಷ್ ಲೇಖಕರ ಪುಸ್ತಕವನ್ನು ತಮಿಳಿಗೆ ತಂದರು, ತಮ್ಮ ಜೀವನ ಚರಿತ್ರೆಯನ್ನು ಪದ್ಯದಲ್ಲಿ ಬರೆದರು. ಎರಡು ಭಾಷೆಯಲ್ಲಿ ಪದ್ಯ ಗೀಚುವ ನನಗೆ ಆ ಸಂಗತಿ ಬಹಳ ಹತ್ತಿರ ಬಂತು.

ಅವರು ಒಳಗಿದ್ದಾಗ ಹೊರಗೆ ಕಂಪನಿ ತೇಲಲಾರದೆ ಹೋಯಿತು. 1911ರಲ್ಲಿ ಮುಚ್ಚಿದರು. ಹಡಗನ್ನು ಮಾರಿದರು, ಕೊಂಡವರು ಅದೇ ಎದುರಾಳಿ ಕಂಪನಿಯವರು. ಮನೆಯಲ್ಲಿ ಸಾಕಿದ ಎತ್ತನ್ನು ಜಗಳದವನ ಕೊಟ್ಟಿಗೆಗೆ ಹೊಡೆದುಕೊಂಡು ಹೋದ ಹಾಗೆ.

1912ರ ಡಿಸೆಂಬರಿನಲ್ಲಿ ಕಣ್ಣೂರಿನಿಂದ ಬಿಡುಗಡೆ. ವಕೀಲಿಕೆಯ ಸನದು ಹೋಗಿತ್ತು, ಸ್ವಂತ ಜಿಲ್ಲೆಗೆ ಹೋಗುವಂತಿರಲಿಲ್ಲ. ಹೆಂಡತಿ ಮಕ್ಕಳ ಜೊತೆ ಚೆನ್ನೈಯಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿ ಬದುಕಿದರು. ಲಕ್ಷಗಟ್ಟಲೆ ಬಂಡವಾಳ ಕೂಡಿಸಿದವರಿಗೆ ಮನೆ ಖರ್ಚಿಗೆ ಕಷ್ಟ. ದಕ್ಷಿಣ ಆಫ್ರಿಕಾದ ಭಾರತೀಯರು ಅವರಿಗೆಂದು ಗಾಂಧೀಜಿ ಬಳಿ ಕೊಟ್ಟಿದ್ದ ಹಣಕ್ಕಾಗಿ ಇಬ್ಬರ ನಡುವೆ ಕಾಗದಗಳು ಓಡಾಡಿದವು. 1916ರಲ್ಲಿ 347 ರೂಪಾಯಿ 12 ಆಣೆ ಕೈಸೇರಿತು. ಪೈಸೆ ಪೈಸೆಗೂ ಲೆಕ್ಕ ಇಡುವ ಗುಣ ಇಬ್ಬರಲ್ಲೂ ಇತ್ತು ಅಂತ ಇದರಿಂದ ತಿಳಿಯುತ್ತೆ. ಮುಂದೆ ವ್ಯಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ನೆರವಿನಿಂದ ಸನದು ಮರಳಿ ಸಿಕ್ಕಿತು. ಆ ಋಣಕ್ಕೆ ತಮ್ಮ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ಕೋವಿಲ್‌ಪಟ್ಟಿಯಲ್ಲಿ ವಕೀಲಿಕೆ ಮಾಡಿ, 1932ರಲ್ಲಿ ತೂತ್ತುಕುಡಿಗೆ ಮರಳಿದರು. ತಮಿಳು ಗ್ರಂಥಗಳ ಕೆಲಸದಲ್ಲಿ ಕೊನೆಯ ದಿನ ಕಳೆದರು. 1936ರ ನವೆಂಬರ್ 18ರಂದು ಅದೇ ಊರಿನ ಕಾಂಗ್ರೆಸ್ ಕಚೇರಿಯಲ್ಲಿ ಕಣ್ಣು ಮುಚ್ಚಿದರು. 2011ರಲ್ಲಿ ಆ ಬಂದರಿಗೆ ಅವರ ಹೆಸರನ್ನೇ ಇಟ್ಟರು.

ಇಷ್ಟು ಅವರ ಜೀವನ. ಇನ್ನು ನನ್ನ ಟ್ರಂಕಿನ ಮೇಲಿರುವ ಕಾಗದಕ್ಕೆ ಬರ್ತೀನಿ.

ಬೆಂಗಳೂರಿನಲ್ಲಿ ಹೊಸ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿ ಮಗ ಯುಗಾದಿಗೆ ಬಂದಿದ್ದ. ಅವನನ್ನು ಕೂರಿಸಿಕೊಂಡು ಕೇಳಿದೆ. ಅವರ ಕಡೆ ಸ್ಟಾರ್ಟಪ್ ಅನ್ನುವವರು ಬಹುಪಾಲು ಪ್ರೈವೇಟ್ ಲಿಮಿಟೆಡ್ ಮಾಡ್ತಾರಂತೆ. ಎರಡು ಜನ ಸಾಕು, 200 ಜನ ಮೀರಬಾರದು. 2008ರ ಕಾಯ್ದೆಯ ಎಲ್‌ಎಲ್‌ಪಿ ಅನ್ನೋದೂ ಇದೆ, ಪಾಲುದಾರಿಕೆಗೇ ನಷ್ಟದ ಬೇಲಿ ಹಾಕಿದ ಹಾಗೆ. ಆದರೆ ಅದರಲ್ಲಿ ಶೇರು ಇರಲ್ಲ, ಅದಕ್ಕೇ ವೆಂಚರ್ ಬಂಡವಾಳದವರು ಅತ್ತ ಬರೋದು ಕಡಿಮೆ. ಅವರು ಕೋಟಿಗಟ್ಟಲೆ ಹಾಕೋದು ಸಾಲವಾಗಿ ಅಲ್ಲ, ಪಾಲಾಗಿ. ಮುಳುಗಿದರೆ ಅವರದೂ ಮುಳುಗುತ್ತೆ. ಅದಕ್ಕೆ ಬದಲಾಗಿ ಆಡಳಿತ ಮಂಡಳಿಯಲ್ಲಿ ಕುರ್ಚಿ ಕೇಳ್ತಾರೆ, ದೊಡ್ಡ ತೀರ್ಮಾನಕ್ಕೆ ತಮ್ಮ ಒಪ್ಪಿಗೆ ಬೇಕು ಅಂತ ಬರೆಸಿಕೊಳ್ತಾರೆ. ಕಂಪನಿ ಕಟ್ಟಿದವನ ಸ್ವಂತ ಪಾಲು ಕೂಡ ಒಂದೇ ಸಲ ಅವನದಾಗಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷ ದುಡಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಅವನ ಹೆಸರಿಗೆ ಗಟ್ಟಿಯಾಗುತ್ತೆ. ಮಧ್ಯದಲ್ಲಿ ಬಿಟ್ಟು ಹೋದರೆ ಮಿಕ್ಕದ್ದು ಇಲ್ಲ. ಕೇಳಿದರೆ ಕಟುಕತನ ಅನ್ನಿಸುತ್ತೆ. ಆದರೆ ನಮ್ಮ ಪಾಲುಗಾರ ಬೆಂಗಳೂರಿಗೆ ಹೋದಾಗ ಇಂಥದೊಂದು ಕಾಗದ ಇದ್ದಿದ್ದರೆ ನಮ್ಮ ಜಗಳ ಅರ್ಧ ಕಡಿಮೆ ಆಗ್ತಿತ್ತು.

ನಮ್ಮ ಊರವರು ಆರಿಸಿರೋದು ಉತ್ಪಾದಕರ ಕಂಪನಿ. 2002ರ ತಿದ್ದುಪಡಿಯಿಂದ ಬಂದದ್ದು. ಕನಿಷ್ಠ ಹತ್ತು ಜನ ರೈತರು, ಐದರಿಂದ ಹದಿನೈದು ಡೈರೆಕ್ಟರು. ಎಷ್ಟೇ ಪಾಲು ಇರಲಿ, ಒಬ್ಬನಿಗೆ ಒಂದೇ ಓಟು. ಬೆಳೆಯುವವನಲ್ಲದವನಿಗೆ ಪಾಲು ಮಾರುವಂತಿಲ್ಲ. ಪಿಳ್ಳೆಯವರು ಏಷ್ಯಾದವರಿಗೆ ಮಾತ್ರ ಅಂತ ಹಾಕಿದ ಬೇಲಿಯ ನೆನಪು ಬಂತು. ಬೇಲಿ ಕಾಯುತ್ತೆ ನಿಜ, ಹೊರಗಿನ ದೊಡ್ಡ ದುಡ್ಡನ್ನೂ ತಡೆಯುತ್ತೆ. ಕೊಡೆ ಹಂಚುವವರು ಎದುರು ನಿಂತರೆ ನಮ್ಮ ಗಂಟು ಸಣ್ಣದೇ. ಇದನ್ನು ತಿಳಿದೇ ಇಳಿಯಬೇಕು.

ಪಿಳ್ಳೆಯವರ ಜೀವನದಿಂದ ನಾನು ಕಲಿತದ್ದು ಹೇಳ್ತೀನಿ, ಸರಿಯೋ ತಪ್ಪೋ ನೀವೇ ನೋಡಿ. ಅವರು ಜೈಲಿಗೆ ಹೋದಾಗ 25 ರೂಪಾಯಿ ಹಾಕಿದವನಿಗೆ 25 ರೂಪಾಯಿ ಹೋಯಿತು, ಮನೆ ಉಳಿಯಿತು. ಕಾಯ್ದೆ ತನ್ನ ಕೆಲಸ ಮಾಡಿತು. ಆದರೆ ಕಂಪನಿಯ ಉಸಿರೆಲ್ಲ ಒಬ್ಬ ಸಹಾಯಕ ಕಾರ್ಯದರ್ಶಿಯ ಎದೆಯಲ್ಲಿತ್ತು. ಅವರು ಇಲ್ಲದ ದಿನ ಅವರ ಹಾಗೆ ನಿಂತು ಹೋರಾಡುವವರು ಮಂಡಳಿಯಲ್ಲಿ ಸಿಗಲಿಲ್ಲ. ಅವರ ರಾಜಕೀಯದಿಂದಲೇ ಕಂಪನಿ ಮುಳುಗಿತು ಅನ್ನೋದನ್ನು ನಾನು ಒಪ್ಪಲ್ಲ. ಪುಕ್ಕಟೆ ಹಡಗು ಬಿಟ್ಟವರದೇ ದೊಡ್ಡ ಪಾಲು. ಆದರೂ ದುಡಿಯುವವನು ಒಬ್ಬ, ಅಧಿಕಾರ ಇನ್ನೊಬ್ಬರದು, ಗುರಿ ಇಬ್ಬರದೂ ಬೇರೆ ಅಂತ ಆದರೆ, ಮೊದಲ ದಿನವೇ ಕೂತು ಮಾತಾಡಿ ಬರೆದುಕೊಳ್ಳಬೇಕಿತ್ತು ಅನ್ನಿಸುತ್ತೆ.

ಅದಕ್ಕೇ ನಾನು ಊರವರ ಮುಂದೆ ನಾಲ್ಕು ಮಾತು ಇಟ್ಟಿದ್ದೀನಿ. ಚೆಕ್ಕಿಗೆ ಇಬ್ಬರ ಸಹಿ ಇರಬೇಕು. ವರ್ಷದ ಸಭೆಯಲ್ಲಿ ಲೆಕ್ಕವನ್ನು ಕನ್ನಡ, ತೆಲುಗು ಎರಡರಲ್ಲೂ ಗಟ್ಟಿಯಾಗಿ ಓದಬೇಕು. ಯಾವ ಡೈರೆಕ್ಟರಾದರೂ ಸತ್ತರೆ, ಊರು ಬಿಟ್ಟರೆ ಅವನ ಕೆಲಸ ಯಾರು ಹೊರಬೇಕು ಅಂತ ಈಗಲೇ ಬರೆದಿರಬೇಕು. ನಾಲ್ಕನೆಯದು ಮುಖ್ಯ. ಕಂಪನಿ ಸಾಲಕ್ಕೆ ಯಾರೂ ತಮ್ಮ ಪಾಸ್‌ಬುಕ್ ಇಡಬಾರದು, ಸ್ವಂತ ಜಾಮೀನು ಬರೆದುಕೊಡಬಾರದು. ಸಾಲ ಕೊಡುವವರು ಡೈರೆಕ್ಟರುಗಳ ಜಾಮೀನು ಕೇಳೋದುಂಟು. ಅಲ್ಲಿ ಸಹಿ ಹಾಕಿದ ಗಳಿಗೆ ಲಿಮಿಟೆಡ್ ಅನ್ನೋ ಬೇಲಿಯನ್ನು ನಾವೇ ಕಿತ್ತು ಹಾಕಿದ ಹಾಗೆ. ಓದುಗ ರೈತರು, ವ್ಯಾಪಾರಿಗಳು ಇದೊಂದನ್ನು ಮರೆಯಬೇಡಿ.

ಮೂರು ಮಾತು ಒಪ್ಪಿದರು. ನಾಲ್ಕನೆಯದಕ್ಕೆ ಯೋಚನೆ ಮಾಡ್ತಿದ್ದಾರೆ. ಬರುವ ಸೋಮವಾರ ಮತ್ತೆ ಕೂರ್ತೀವಿ.

ಅದಕ್ಕೆ ಮುಂಚೆ ನನಗೊಂದು ಕೆಲಸ ಇದೆ. ಲೆಕ್ಕ ಬರೆಯೋದರಲ್ಲಿ ನಮ್ಮ ಊರಲ್ಲಿ ಭಾವನನ್ನು ಮೀರಿಸಿದವರಿಲ್ಲ. ಆವತ್ತು ಕಾಗದ ಇದ್ದಿದ್ದರೆ ಅವನೂ ಕೂಗಾಡ್ತಿರಲಿಲ್ಲ, ನಾನೂ ಕೂಗಾಡ್ತಿರಲಿಲ್ಲ. ತಪ್ಪು ಇಬ್ಬರದೂ ಇತ್ತು ಅಂತ ಈಗ ಗೊತ್ತಾಗುತ್ತೆ. ಈ ಪತ್ರಿಕೆ ಅವನ ಮನೆಗೂ ಬರುತ್ತೆ. ಭಾವ, ಓದಿದರೆ ಬಾಗಿಲು ತೆಗೆದಿಟ್ಟಿರು. ಭಾನುವಾರ ಸಂಜೆ ಕಾಗದ ತಗೊಂಡು ಬರ್ತೀನಿ.